ಪಂಪಿಗೆ ಕೈ ಹಾಕೋಕೆ ಮುಂಚೆ ಪೌಡರ್ ಉದುರ್ಸು

ಅಳಿಯಾ, ಟೈಪ್ ಮಾಡ್ತಾ ಕೂತ್ರೆ ಬೆಳಗಾಗುತ್ತೆ, ಮಾತಲ್ಲೇ ಹೇಳಿಬಿಡ್ತೀನಿ. ಉದ್ದ ಆಯ್ತು ಅಂತ ಅರ್ಧಕ್ಕೆ ಬಿಡ್ಬೇಡ, ಮುಖ್ಯವಾದ್ದು ಕೊನೇಲೂ ಐತೆ. ನೀನು ಬೆಳಿಗ್ಗೆ ಹಾಕಿದ್ದು ಇಷ್ಟು: ವಿದ್ಯಾನಗರದ ಮನೆ ಮುಂದೆ ಎರಡು ತಿಂಗಳು ನಿಂತಿದ್ದ ಕ್ಯಾಂಪರ್ ವ್ಯಾನು ಹತ್ತು ಸಲ ಸೆಲ್ಫ್ ಹೊಡೆದ ಮೇಲೆ ಸ್ಟಾರ್ಟ್ ಆಯ್ತು, ಎಂಜಿನ್ನಿಗೆ ಡೀಸೆಲ್ ತಳ್ಳೋ ಪಂಪೆಲ್ಲ ಒದ್ದೆ, ಕೆಳಗೆ ಊಟದ ತಟ್ಟೆಯಷ್ಟು ಅಗಲ ಡೀಸೆಲ್ ಮಚ್ಚೆ. ಅದಕ್ಕೆ ನಿಮ್ಮ ದೊಡ್ಡಪ್ಪಾರು ಎಂ-ಸೀಲ್ ಮೆತ್ತು ಅಂದ್ರು, ನಿಮ್ಮ ಭಾವ ಪಂಪೇ ಹೊಸದು ಹಾಕ್ಸು ಅಂದ್ರು. ಎರಡೂ ಬೇಡ. ಎಂ-ಸೀಲು ಡೀಸೆಲ್ ಜಿಡ್ಡಿನ ಮೇಲೆ ಹಿಡಿಯಲ್ಲ, ಎರಡು ದಿನಕ್ಕೆ ಹಪ್ಪಳದ ಥರ ಎದ್ದು ಬರುತ್ತೆ. ಸಿಲಿಕಾನ್ ಪೇಸ್ಟು ಇನ್ನೂ ಕೆಟ್ಟದ್ದು, ಡೀಸೆಲಲ್ಲಿ ಉಬ್ಬಿ ಚೂರಾಗಿ ಪಂಪ್ ಒಳಗೇ ಹೋಗುತ್ತೆ. ಹೊಸ ಪಂಪಿನ ಮಾತು ಬಿಡು, ರಬ್ಬರ್ ರಿಂಗು ವಾಷರ್ ಇರೋ ಸೀಲ್ ಕಿಟ್ಟಿಗೂ ಪಂಪಿಗೂ ಬೆಲೆಯಲ್ಲಿ ಅಜಗಜಾಂತರ.

ಫೋಟೋ ನೋಡಿದೆ. ನಾಲ್ಕು ಪ್ರೆಷರ್ ಪೈಪು ಪಂಪಿನ ಹಿಂದಿನ ದುಂಡು ತಲೆಯಿಂದ ಸುತ್ತಾಗಿ ಹೊರಟಾವೆ, ಅಂದ್ರೆ ಅದು ರೋಟರಿ, ವಿ.ಇ. ಜಾತಿ ಪಂಪು. ಪೈಪುಗಳು ಒಂದೇ ಸಾಲಲ್ಲಿ ನಿಂತಿದ್ರೆ ಅದು ಇನ್‌ಲೈನ್ ಪಂಪು, ಅದರ ಲೆಕ್ಕ ಬೇರೆ. ಅದ್ರಲ್ಲಿ ಹೆಚ್ಚಾಗಿ ಸೋರೋದು ಪಕ್ಕದಲ್ಲಿರೋ ಕೈ ಪಂಪಿನ ಹತ್ರ. ನಿಂದು ರೋಟರಿ ಆಗಿರೋದ್ರಿಂದ ಒಂದು ವಿಷಯ ತಲೇಲಿ ಇಟ್ಕೋ: ಈ ಪಂಪಿಗೆ ಬೇರೆ ಆಯಿಲ್ ಇಲ್ಲ, ಹೊಟ್ಟೆ ತುಂಬ ಡೀಸೆಲೇ ಇರುತ್ತೆ, ಅದೇ ಅದಕ್ಕೆ ಗ್ರೀಸೂ ಹೌದು. ಎಂಜಿನ್ ಓಡ್ತಿರುವಾಗ ಆ ಹೊಟ್ಟೆಯೊಳಗೆ ಕೆಲವು ಬಾರ್ ಒತ್ತಡ ಇರುತ್ತೆ, ಸೀಲ್ ಸವೆದಿದ್ರೆ ಡೀಸೆಲ್ ಹೊರಗೆ ಬರುತ್ತೆ. ಆಫ್ ಮಾಡಿದ ಮೇಲೆ ಒತ್ತಡ ಇಲ್ಲ, ಟ್ಯಾಂಕು ಪಂಪಿಗಿಂತ ಕೆಳಗೈತೆ, ಡೀಸೆಲ್ ವಾಪಸ್ ಟ್ಯಾಂಕಿಗೆ ಜಾರುತ್ತೆ, ಅದೇ ಸಂದಿಯಿಂದ ಗಾಳಿ ಒಳಗೆ ಬರುತ್ತೆ. ಬೆಳಿಗ್ಗೆ ಸ್ಟಾರ್ಟ್ ಆಗ್ದೇ ಇರೋದೂ ಕೆಳಗೆ ಸೋರೋದೂ ಎರಡು ರೋಗ ಅಂದ್ಕೊಂಡಿದ್ದೀಯ, ಬಹುತೇಕ ಒಂದೇ.

ಯಾಕೆ ಈಗ ಶುರುವಾಯ್ತು ಅಂದೆ. ಹಳೇ ಪಂಪಲ್ಲಿರೋದು ನೈಟ್ರೈಲ್ ರಬ್ಬರ್ ಸೀಲು. ಹಳೇ ಡೀಸೆಲಲ್ಲಿದ್ದ ಆರೊಮ್ಯಾಟಿಕ್ ಅಂಶಕ್ಕೆ ಆ ರಬ್ಬರ್ ಸ್ವಲ್ಪ ಉಬ್ಬಿ ಸಂದಿ ತುಂಬ್ಕೊಂಡು ಕೂತಿರ್ತಿತ್ತು. 2020ರ ಏಪ್ರಿಲ್‌ನಿಂದ ಬಿ.ಎಸ್. 6 (ಭಾರತ್ ಸ್ಟೇಜ್ ಮಾನದಂಡದ) ಡೀಸೆಲ್, ಗಂಧಕ 10 ಪಿಪಿಎಂ ಮಾತ್ರ. ಅದಕ್ಕೆ ಮುಂಚೆ ಬಿ.ಎಸ್. 4ರಲ್ಲಿ 50 ಇತ್ತು. ಗಂಧಕ ತೆಗೆಯೋ ಸಂಸ್ಕರಣೆಯಲ್ಲಿ ಆರೊಮ್ಯಾಟಿಕ್ಕೂ ಕಮ್ಮಿ ಆಗುತ್ತೆ, ಉಬ್ಬಿದ್ದ ಹಳೇ ರಬ್ಬರ್ ಕುಗ್ಗುತ್ತೆ. ಮೇಲಿಂದ ತಿಂಗಳುಗಟ್ಟಲೆ ನಿಲ್ಸಿದ್ರೆ ಒಣಗಿ ಗಟ್ಟಿ ಆಗುತ್ತೆ. ಅದಕ್ಕೆ ಹೊಸ ಕಿಟ್ ತಗೊಳ್ಳುವಾಗ ಡೀಸೆಲಿಗೆ ಜಗ್ಗದ ವಿಟಾನ್ ರಬ್ಬರ್ ಸೀಲಿಂದು ಅಂತ ಕೇಳಿ ತಗೋ.

ಮೊದಲ ಕೆಲಸ ಪಾನಾ ಹಿಡಿಯೋದಲ್ಲ. ವ್ಯಾನಲ್ಲಿರೋ ಗ್ಯಾಸ್ ಸಿಲಿಂಡರ್ ಕೆಳಗಿಳ್ಸಿ ದೂರ ಇಡು. ಇನ್ವರ್ಟರ್, ಫ್ರಿಜ್ಜು ಆಫ್. ನಿನ್ನ ವ್ಯಾನಲ್ಲಿ ಬ್ಯಾಟರಿ ಎರಡು, ಎಂಜಿನ್ನಿಂದು ಒಂದು, ವ್ಯಾನೊಳಗಿನ ಲೈಟು ಫ್ರಿಜ್ಜಿಂದು ಒಂದು. ಬಿಚ್ಚೋ ಕೆಲಸ ಶುರು ಮಾಡುವಾಗ ಎರಡರ ನೆಗೆಟಿವ್ವೂ ತೆಗಿ. ಡೀಸೆಲ್ ಹತ್ಕೊಳ್ಳಲ್ಲ ಅನ್ನೋ ಧೈರ್ಯ ಬೇಡ. ನಮ್ಮಲ್ಲಿ ಡೀಸೆಲ್‌ನ ಫ್ಲ್ಯಾಶ್ ಪಾಯಿಂಟ್, ಅಂದ್ರೆ ಕಿಡಿ ತಾಗಿದ್ರೆ ಆವಿ ಹತ್ಕೊಳ್ಳೋ ಬಿಸಿ, ಕನಿಷ್ಠ 35 ಡಿಗ್ರಿ ಇದ್ರೆ ಸಾಕು ಅಂತ ಮಾನದಂಡ. ದಾವಣಗೆರೆ ಬಿಸಿಲಲ್ಲಿ ಏಪ್ರಿಲ್‌ಗೆ ಹೊರಗಿನ ಗಾಳಿಯೇ ಅದನ್ನ ದಾಟುತ್ತೆ, ಬಾನೆಟ್ ಒಳಗೆ ಕೇಳ್ತೀಯಾ. ಪಕ್ಕದಲ್ಲೇ ಸೈಲೆನ್ಸರ್ ಮ್ಯಾನಿಫೋಲ್ಡು.

ಆಮೇಲೆ ತೊಳಿ. ಹಳೇ ಬ್ರಷ್ಷು, ಒಂದು ಲೋಟ ಡೀಸೆಲ್, ಧೂಳು ಜಿಡ್ಡು ಎಲ್ಲ ಬಿಡೋವರೆಗೂ ಉಜ್ಜಿ, ಬನಿಯನ್ ವೇಸ್ಟಲ್ಲಿ ಒರೆಸಿ, ಪಂಚರ್ ಅಂಗಡಿ ಗಾಳಿ ಸಿಕ್ರೆ ಊದ್ಸು. ಪೂರ್ತಿ ಒಣಗಿದ ಮೇಲೆ ಮಕ್ಕಳ ಪೌಡರ್ ಡಬ್ಬಿ ತಗೊಂಡು ಪಂಪಿನ ಮೇಲೆಲ್ಲ ತೆಳ್ಳಗೆ ಉದುರ್ಸು. ಆಮೇಲೆ ಹೇಳೋ ಡಿಪ್‌ಸ್ಟಿಕ್ (ಎಂಜಿನ್ ಆಯಿಲ್ ಅಳತೆ ಕಡ್ಡಿ) ಪರೀಕ್ಷೆ ಮೊದಲು ಮಾಡು. ಅದು ಸರಿ ಇದ್ರೆ ಬ್ಯಾಟರಿ ಕೂಡ್ಸಿ ಸ್ಟಾರ್ಟ್ ಮಾಡಿ ಐದು ನಿಮಿಷ ಐಡಲ್‌ನಲ್ಲಿ ಬಿಡು, ಟಾರ್ಚ್ ಹಿಡ್ಕೊಂಡು ಕಣ್ಣು ತೆಗೀದೇ ನೋಡು. ಬೆಳ್ಳಗಿರೋ ಪೌಡರ್ ಮೇಲೆ ಮೊದಲು ಕೂದಲೆಳೆಯಷ್ಟು ಬೂದು ಗೆರೆ ಬರುತ್ತೆ, ಅದು ಅಗಲ ಆಗ್ತಾ ಕೆಳಗಿಳಿಯುತ್ತೆ. ಆ ಗೆರೆಯ ಮೇಲಿನ ತುದಿ ಎಲ್ಲೈತೋ ಅಲ್ಲೇ ಸೋರಿಕೆ. ಹನಿ ಬೀಳೋ ಜಾಗ ನೋಡಿ ಪಂಪ್ ಬಿಚ್ಚೋರೇ ಜಾಸ್ತಿ. ಡೀಸೆಲು ಮೇಲಿಂದ ಇಳಿದು ಎಲ್ಲೋ ಮೂಲೇಲಿ ತೊಟ್ಟಿಕ್ಕುತ್ತೆ. ಹಿಂದೆ ನೋಡೋಕೆ ಸಣ್ಣ ಕನ್ನಡಿ ಹಿಡಿ. ಪ್ರೆಷರ್ ಪೈಪಿನ ಹತ್ರ ಬೆರಳು ಆಡಿಸ್ಬೇಡ, ರಟ್ಟು ಹಿಡಿದು ನೋಡು. ಆ ಪೈಪಲ್ಲಿ ನೂರು ಬಾರ್ ಒತ್ತಡಕ್ಕಿಂತ ಮೇಲೆ ಇರುತ್ತೆ. ಸಣ್ಣ ಬಿರುಕಿನ ಚಿಮ್ಮು ಚರ್ಮ ತೂರಿ ಒಳಗೆ ಹೋಗುತ್ತೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತೆ, ಒಳಗೆ ಮಾಂಸ ಕೊಳೆಯುತ್ತೆ. ಹಂಗೇನಾದ್ರೂ ಆದ್ರೆ ಅರಿಶಿನ ಹಚ್ಕೊಂಡು ಕೂರೋದಲ್ಲ, ಆ ಕ್ಷಣವೇ ಆಸ್ಪತ್ರೆ.

ಗೆರೆ ಎಲ್ಲಿಂದ ಅನ್ನೋದ್ರ ಮೇಲೆ ಕೆಲಸ. ಎಂಜಿನ್ನಿಗೆ ಡೀಸೆಲ್ ಚಿಮ್ಮಿಸೋ ನಾಜಲ್‌ಗಳ ಮೇಲೆ ಹೋಗೋ ನೂಲು ಹೆಣೆದ ಸಣ್ಣ ರಿಟರ್ನ್ ಪೈಪು ಬಿರುಕಿದ್ರೆ ಅದೃಷ್ಟ, ಒಂದು ಮೀಟರ್ ತಂದು ತುಂಡು ಮಾಡಿ ಹಾಕು, ಮುಗೀತು. ಅಳತೆಗೆ ಹಳೇ ತುಂಡನ್ನೇ ಅಂಗಡಿಗೆ ಒಯ್ದು ತೋರ್ಸು.

ಡೀಸೆಲ್ ಒಳಗೆ ಬರೋ ಮತ್ತು ವಾಪಸ್ ಹೋಗೋ ಯೂನಿಯನ್ ಬೋಲ್ಟ್ ಹತ್ರ ಒದ್ದೆ ಇದ್ರೆ ತಾಮ್ರದ ವಾಷರ್ ಹೋಗೈತೆ. ಒಂದು ಬೋಲ್ಟಿಗೆ ಎರಡು ವಾಷರ್: ಬೋಲ್ಟ್ ತಲೆ ಕೆಳಗೆ ಒಂದು, ಪೈಪಿನ ಕಣ್ಣಿಗೂ ಪಂಪಿಗೂ ಮಧ್ಯ ಒಂದು. ಎರಡು ಬೋಲ್ಟಿಗೆ ನಾಲ್ಕು, ಆರು ತಂದಿಡು. ಹಳೇದನ್ನೇ ತಿರುಗಿಸಿ ಹಾಕಿ ಬಲವಾಗಿ ಬಿಗಿದ್ರೆ ಬೋಲ್ಟು ಟೊಳ್ಳು, ಪಟ್ ಅಂತ ಮುರಿಯುತ್ತೆ, ಮುರಿದ ತುಂಡು ಪಂಪಲ್ಲೇ ಉಳಿಯುತ್ತೆ. ದಾರಿಯಲ್ಲಿ ವಾಷರ್ ಸಿಗ್ದಿದ್ರೆ ಹಳೇದನ್ನ ಕೆಂಪಗೆ ಕಾಯಿಸಿ ನೀರಿಗೆ ಹಾಕಿದ್ರೆ ಮೆತ್ತಗಾಗುತ್ತೆ, ಊರಿಗೆ ಬರೋವರೆಗೆ ಸಾಕು.

ಇಲ್ಲೇ ಎಲ್ರೂ ಎಡವೋದು, ಕೇಳು. ಆ ಎರಡು ಬೋಲ್ಟು ನೋಡೋಕೆ ಅವಳಿ ಮಕ್ಕಳಂಗೆ ಇರ್ತವೆ, ಆದ್ರೆ ಒಂದೇ ಅಲ್ಲ. ರಿಟರ್ನ್ ಬೋಲ್ಟಿನ ತಲೆ ಮೇಲೆ ಇಂಗ್ಲಿಷಲ್ಲಿ ಔಟ್ ಅಂತ ಬರೆದಿರುತ್ತೆ, ಅದರೊಳಗೆ ಸೂಜಿ ಹೋಗೋವಷ್ಟೇ ತೂತು. ಆ ಸಣ್ಣ ತೂತೇ ಪಂಪಿನ ಹೊಟ್ಟೆಯೊಳಗೆ ಒತ್ತಡ ಹಿಡಿದಿಡೋದು. ಅದಲು ಬದಲಾದ್ರೆ ಡೀಸೆಲ್ ಒಳಬರೋ ಕಡೆ ಕತ್ತು ಹಿಚುಕಿದಂಗೆ, ರಿಟರ್ನ್ ಕಡೆ ಬಾಗಿಲು ತೆರೆದಂಗೆ. ಸ್ಟಾರ್ಟೇ ಆಗಲ್ಲ, ಆದ್ರೂ ಎಳೆಯಲ್ಲ. ಪಂಪ್ ಸತ್ತೋಯ್ತು ಅಂತ ಪಂಪ್ ರಿಪೇರಿಯವರ ಟೆಸ್ಟ್ ಬೆಂಚಿಗೆ ಕೊಡ್ತಾರೆ, ಪಂಪು ಚೆನ್ನಾಗೇ ಇರುತ್ತೆ. ಬಿಚ್ಚಿದ ಕೂಡಲೇ ಆ ಬೋಲ್ಟಿಗೆ ಒಂದು ದಾರ ಕಟ್ಟು.

ಮೇಲೆ ಒಂದೇ ವೈರ್ ಹೋಗೋ ಸ್ಟಾಪ್ ಸೊಲೆನಾಯ್ಡ್ (ಕೀ ಆಫ್ ಮಾಡಿದಾಗ ಡೀಸೆಲ್ ತಡೆಯೋದು) ಬುಡದಲ್ಲಿ ಒದ್ದೆ ಇದ್ರೆ ಅದರ ಓ ರಿಂಗು, ಅಂದ್ರೆ ರಬ್ಬರ್ ಬಳೆ, ಹೋಗೈತೆ. 24ರ ಪಾನಾ, ಬಿಚ್ಚುವಾಗ ಒಳಗಿನ ಪಿನ್ನು ಸ್ಪ್ರಿಂಗು ಉದುರ್ತವೆ, ಕೆಳಗೆ ಬಟ್ಟೆ ಹಾಸಿರು.

ಆಕ್ಸಿಲರೇಟರ್ ಲಿವರ್ ಬುಡದಲ್ಲಿ ಗೆರೆ ಬಂದ್ರೆ ಮೊದಲು ಲಿವರನ್ನ ಹಿಡಿದು ಮೇಲೆ ಕೆಳಗೆ ಅಲ್ಲಾಡ್ಸು. ಗಟ್ಟಿ ಇದ್ರೆ ಓ ರಿಂಗ್ ಬದಲಾಯಿಸಿದ್ರೆ ಸಾಕು. ಲೊಡ ಲೊಡ ಅಂದ್ರೆ ಬುಷ್ ಸವೆದೈತೆ, ಹೊಸ ಓ ರಿಂಗು ತಿಂಗಳೂ ಬಾಳಲ್ಲ, ಅದು ಬೆಂಚಿನ ಕೆಲಸ. ನೀನೇ ಮಾಡೋದಾದ್ರೆ ಲಿವರ್ ತೆಗೆಯೋಕೆ ಮುಂಚೆ ಶಾಫ್ಟಿಗೂ ಲಿವರಿಗೂ ಸೇರಿ ಒಂದೇ ಗೀರು ಹಾಕು. ಅಲ್ಲಿ ಸಣ್ಣ ಸಣ್ಣ ಹಲ್ಲು ಇರ್ತವೆ, ಒಂದು ಹಲ್ಲು ಆಚೀಚೆ ಕೂತ್ರೂ ಐಡಲ್ ಹಾಳು. ಮೇಲಿನ ಮುಚ್ಚಳಕ್ಕೆ ಒಳಗಡೆ ರೇಸನ್ನ ಹಿಡಿತದಲ್ಲಿಡೋ ಗವರ್ನರ್ ಸ್ಪ್ರಿಂಗ್ ಕೊಕ್ಕೆ ಹಾಕಿರುತ್ತೆ, ಎತ್ತಿ ಎಳೆದ್ರೆ ಬಾಗುತ್ತೆ. ಒಂದು ಬೆರಳಗಲ ಎತ್ತಿ, ಕೊಕ್ಕೆ ಬಿಡ್ಸಿ ತೆಗಿ. ಲಾಕ್ ನಟ್ ಹಾಕಿ ಸೀಲ್ ಮಾಡಿರೋ ಫುಲ್ ಲೋಡ್ ಸ್ಕ್ರೂ ಮುಟ್ಟಲೇಬೇಡ. ಮುಚ್ಚಳ ಬಿಚ್ಚಿ ಹಾಕಿದ ಮೇಲೆ ಮೊದಲ ಸ್ಟಾರ್ಟಿಗೆ ಇನ್ನೊಬ್ರು ಏರ್ ಫಿಲ್ಟರ್ ಪೈಪ್ ತೆಗೆದು ಹಲಗೆ ಹಿಡ್ಕೊಂಡು ನಿಂತಿರ್ಲಿ. ಕೊಕ್ಕೆ ತಪ್ಪಿ ಕೂತಿದ್ರೆ ರೇಸ್ ಕೈ ಮೀರಿ ಏರುತ್ತೆ, ಆಗ ಗಾಳಿ ಬಾಯಿ ಮುಚ್ಚೋದೇ ದಾರಿ. ಹಲಗೆಯಿಂದ, ಕೈಯಿಂದಲ್ಲ.

ಪೈಪುಗಳು ಹೊರಡೋ ದುಂಡು ತಲೆಗೂ ಪಂಪಿನ ಮೈಗೂ ಮಧ್ಯೆ ಗೆರೆ ಬಂದ್ರೆ ದೊಡ್ಡ ಓ ರಿಂಗು. ನಿನ್ನ ಫೋಟೋ ನೋಡಿದ್ರೆ ನಂಗೆ ಇದೇ ಅನುಮಾನ, ಆದ್ರೆ ಪೌಡರ್ ಹೇಳ್ಲಿ. ವ್ಯಾನಲ್ಲಿ ಇಟ್ಕೊಂಡೇ ಮಾಡೋರಿದ್ದಾರೆ: ಪೈಪ್ ಬಿಚ್ಚಿ, ನಾಲ್ಕು ಬೋಲ್ಟನ್ನೂ ಅಡ್ಡಡ್ಡ ಅರ್ಧರ್ಧ ಸುತ್ತು ಸಡಿಲಿಸ್ತಾ, ತಲೆಯನ್ನ ಐದಾರು ಮಿಲಿಮೀಟರ್ ಮಾತ್ರ ಹೊರಗೆ ಬಿಟ್ಟು, ಹಳೇ ರಿಂಗ್ ಕತ್ತರಿಸಿ ತೆಗೆದು ಹೊಸದನ್ನ ದಾಟಿಸ್ತಾರೆ. ಒಳಗೆ ಪ್ಲಂಜರ್ (ಡೀಸೆಲ್ ಒತ್ತೋ ಕಡ್ಡಿ) ಸ್ಪ್ರಿಂಗ್ ತಳ್ತಾ ಇರುತ್ತೆ, ಸ್ವಲ್ಪ ಜಾಸ್ತಿ ಹೊರಬಂದ್ರೆ ಪ್ಲಂಜರ್, ಶಿಮ್ಮು (ತೆಳು ಬಿಲ್ಲೆ) ಜಾಗ ಬಿಟ್ಟು ಜಾರ್ತವೆ. ಹಂಗೇ ಒತ್ತಿ ಬಿಗಿದ್ರೆ ತಲೆ ಒಡೆಯುತ್ತೆ. ನಿನ್ನ ವ್ಯಾನಲ್ಲಿ ಕೆಳಗಿನ ಎರಡು ಬೋಲ್ಟಿಗೆ ಕೈ ಹೋಗೋದೇ ಕಷ್ಟ, ಸಮವಾಗಿ ಸಡಿಲಿಸೋಕಾಗಲ್ಲ. ಇಳಿಸಿ ಬೆಂಚಿಗೆ ಕೊಡು ಅಂತೀನಿ. ನಮ್ಮೂರಲ್ಲಿ ಡೀಸೆಲ್ ಪಂಪ್, ನಾಜಲ್ ಕ್ಯಾಲಿಬ್ರೇಶನ್ ಮಾಡೋರಿಗೇನು ಬರ ಇಲ್ಲ, ಮೈಕೊ ಪಂಪ್ ಅಂದ್ರೆ ಸಾಕು. ಆ ಕಂಪನಿ ಹೆಸರು 2008ರಲ್ಲೇ ಬಾಷ್ ಆದ್ರೂ ಬಾಯಲ್ಲಿ ಮೈಕೊನೇ.

ಪಂಪು ಇಳಿಸೋಕೆ ಮುಂಚೆ ಒಂದನೇ ಸಿಲಿಂಡರಿನ ಪಿಸ್ಟನ್ ಟಾಪಿಗೆ ತಂದು ನಿಲ್ಸು. ಚೂಪಾದ ಮೊಳೆಯಿಂದ ಪಂಪಿನ ಫ್ಲ್ಯಾಂಜಿಗೂ ಎಂಜಿನ್ ಕೇಸಿಗೂ ಸೇರಿ ಒಂದೇ ಗೀರು, ಗೇರಿನ ಹಲ್ಲಿಗೆ ಬಿಳಿ ಪೇಂಟು. ವಾಪಸ್ ಕೂಡ್ಸುವಾಗ ಗೀರಿಗೆ ಗೀರು ಸೇರಿದ್ರೆ ಟೈಮಿಂಗ್, ಅಂದ್ರೆ ಡೀಸೆಲ್ ಚಿಮ್ಮೋ ಹೊತ್ತು, ಹತ್ರ ಹತ್ರ ಬಂದಂಗೆ, ಪಕ್ಕಾ ಬೇಕಂದ್ರೆ ಡಯಲ್ ಗೇಜ್ ಇಟ್ಟೇ ನೋಡ್ಬೇಕು. ಶಾಫ್ಟ್ ನಟ್ ಬಿಚ್ಚುವಾಗ ಕೇಸಿನ ಸಂದಿಗೆಲ್ಲ ಬಟ್ಟೆ ತುರುಕು. ನಟ್ಟೋ ಅರ್ಧಚಂದ್ರ ಕೀನೋ ಒಳಗೆ ಬಿದ್ರೆ ಟೈಮಿಂಗ್ ಕವರ್ ಪೂರ್ತಿ ಬಿಚ್ಚೋ ಕೆಲಸ. ಗೇರು ಬಿಡಿಸೋಕೆ ಪುಲ್ಲರ್ ಹಾಕು, ಸುತ್ತಿಗೆ ಬೇಡ. ಬಿಚ್ಚಿದ ಪ್ರತಿ ಪೈಪಿನ ಬಾಯಿಗೂ ಕ್ಯಾಪ್, ಇಲ್ಲಾಂದ್ರೆ ಪ್ಲಾಸ್ಟಿಕ್ ಕಟ್ಟು. ಒಂದು ಮರಳು ಕಣ ಸಾಕು ನಾಜಲ್ ಕೆಡೋಕೆ.

ಇನ್ನೊಂದು ಸಾಧ್ಯತೆ ಹೊರಗೆ ಕಾಣೋದೇ ಇಲ್ಲ. ನಿನ್ನ ಪಂಪು ಗೇರಿಂದ ತಿರುಗುತ್ತೆ, ಮುಂದಿನ ಶಾಫ್ಟ್ ಸೀಲ್ ಹೋದ್ರೆ ಡೀಸೆಲ್ ನೇರ ಎಂಜಿನ್ ಆಯಿಲಿಗೆ ಸೇರುತ್ತೆ. ಸ್ಟಾರ್ಟ್ ಮಾಡೋಕೆ ಮುಂಚೆಯೇ ಡಿಪ್‌ಸ್ಟಿಕ್ ಎಳೆದು ನೋಡು. ಆಯಿಲ್ ಮೇಲಿನ ಗೆರೆ ದಾಟಿದ್ರೆ, ಮೂಸಿದ್ರೆ ಡೀಸೆಲ್ ವಾಸನೆ ಬಂದ್ರೆ, ಬೆರಳಲ್ಲಿ ನೀರಿನಂಗೆ ಜಾರಿದ್ರೆ ಸ್ಟಾರ್ಟೇ ಮಾಡ್ಬೇಡ, ಪೌಡರ್ ಪರೀಕ್ಷೆನೂ ಬೇಡ. ತೆಳು ಆಯಿಲಲ್ಲಿ ಬೇರಿಂಗ್ ಹೋಗುತ್ತೆ, ಜಾಸ್ತಿ ಏರಿದ್ರೆ ಎಂಜಿನ್ ಆ ಆಯಿಲನ್ನೇ ಕುಡಿದು ಓಡೋಕೆ ಶುರು ಮಾಡುತ್ತೆ. ಸೀಲ್ ಹಾಕಿದ ಮೇಲೆ ಆಯಿಲ್ಲೂ ಫಿಲ್ಟರ್ರೂ ಬದಲಾಯ್ಸು, ಮುಂಚೆ ಬದಲಾಯಿಸಿದ್ರೆ ದುಡ್ಡು ದಂಡ.

ಎಲ್ಲೂ ಗೆರೆ ಬರದೇ ಸ್ಟಾರ್ಟಿಂಗ್ ತೊಂದರೆ ಮಾತ್ರ ಉಳಿದ್ರೆ, ಟ್ಯಾಂಕಿನಿಂದ ಪಂಪಿನವರೆಗಿನ ಪೈಪಲ್ಲಿ ಗಾಳಿ ಎಳೀತಿರ್ಬೋದು. ಅಲ್ಲಿ ಎಳೆತ ಇರೋದ್ರಿಂದ ಡೀಸೆಲ್ ಹೊರಗೆ ಬರಲ್ಲ. ಫಿಲ್ಟರಿಗೂ ಪಂಪಿಗೂ ಮಧ್ಯ ಒಂದು ಗೇಣು ಪಾರದರ್ಶಕ ಪೈಪ್ ಹಾಕಿ ನೋಡು, ಗುಳ್ಳೆ ಓಡ್ತಿದ್ರೆ ಖಾತ್ರಿ. ಐದು ಲೀಟರ್ ಕ್ಯಾನನ್ನ ಪಂಪಿಗಿಂತ ಎತ್ತರಕ್ಕೆ ಕಟ್ಟಿ, ಟ್ಯಾಂಕಿನ ಕಡೆಯ ಪೈಪಿಗೆ ಅದರಿಂದ ಡೀಸೆಲ್ ಬಿಟ್ರೆ ಗಾಳಿ ಎಳೀತಿದ್ದ ಸಂದಿಯಿಂದ ಈಗ ಡೀಸೆಲ್ ಜಿನುಗುತ್ತೆ, ಜಾಗ ತಾನೇ ತೋರಿಸುತ್ತೆ.

ಕೂಡ್ಸಿದ ಮೇಲೆ ಏರ್ ತೆಗೆಯೋದು. ಫಿಲ್ಟರ್ ಮೇಲಿನ ಕೈ ಪಂಪ್ ಗಟ್ಟಿ ಆಗೋವರೆಗೂ ಒತ್ತು. ನಾಜಲ್ ಕಡೆಯ ನಾಲ್ಕು ನಟ್ ಅರ್ಧ ಸುತ್ತು ಸಡಿಲ ಬಿಟ್ಟು, ಮೇಲೆ ಬಟ್ಟೆ ಹೊದಿಸಿ, ಹತ್ತು ಸೆಕೆಂಡು ಸೆಲ್ಫ್, ಅರ್ಧ ನಿಮಿಷ ಬಿಡುವು. ಬಿಡುವು ಕೊಡದೇ ಹೊಡೆದ್ರೆ ಸೆಲ್ಫ್ ಮೋಟರ್ ಸುಡುತ್ತೆ. ನೊರೆ ನಿಂತು ಡೀಸೆಲ್ ಚಿಮ್ಮಿದ ನಟ್ಟನ್ನ ಒಂದೊಂದಾಗಿ ಬಿಗಿ, 25 ನ್ಯೂಟನ್ ಮೀಟರ್ ಆಸುಪಾಸು. ಪಂಪನ್ನ ಒಣ ಹೊಟ್ಟೆಯಲ್ಲಿ ತಿರುಗಿಸ್ಬೇಡ, ಹಾಕೋಕೆ ಮುಂಚೆಯೇ ಒಳಬರೋ ತೂತಿನಿಂದ ಡೀಸೆಲ್ ತುಂಬು.

ಆಮೇಲೆ ಹರಿಹರದ ಸೇತುವೆವರೆಗೆ ಹೋಗಿ ಬಾ, ಮತ್ತೆ ಒರೆಸಿ, ಮತ್ತೆ ಪೌಡರ್. ಬಿಸಿಯಲ್ಲಿ ಒಣಗಿದ್ದು ತಣ್ಣಗಾದ ಮೇಲೆ ಸೋರೋದುಂಟು, ಅದಕ್ಕೆ ಮಾರನೇ ಬೆಳಿಗ್ಗೆ ಸ್ಟಾರ್ಟ್ ಮಾಡೋಕೆ ಮುಂಚೆ ಇನ್ನೊಮ್ಮೆ ನೋಡು. ಅಷ್ಟಾದ ಮೇಲೆ ಮಕ್ಕಳನ್ನ ಕೂರಿಸ್ಕೊಂಡು ಸೂಳೆಕೆರೆಗಾದ್ರೂ ಹೋಗು, ವಾಣಿವಿಲಾಸಕ್ಕಾದ್ರೂ ಹೋಗು.

ಈಗ ಎರಡು ಫೋಟೋ ಕಳ್ಸು. ಒಂದು ಡಿಪ್‌ಸ್ಟಿಕ್ಕಿಂದು. ಇನ್ನೊಂದು ಪಂಪಿನ ಪಕ್ಕದ ತಗಡಿನ ಪಟ್ಟಿದು, ವಿ.ಇ. ಆದಮೇಲೆ 4 ಇದ್ರೆ ಸಿಲಿಂಡರ್ ಲೆಕ್ಕ, ಅದರ ಮುಂದಿನ ಅಂಕಿ ಪ್ಲಂಜರ್ ದಪ್ಪ ಮಿಲಿಮೀಟರಲ್ಲಿ, ಕೊನೆಯ ಕಡೆ ಎಲ್ ಅಥವಾ ಆರ್ ತಿರುಗೋ ದಿಕ್ಕು. 0 460ರಿಂದ ಶುರುವಾಗೋ ಹತ್ತು ಅಂಕಿ ಪೂರ್ತಿ ಕಾಣ್ಬೇಕು, ಸೀಲ್ ಕಿಟ್ ಕೊಡೋದೇ ಆ ನಂಬರ್ ಮೇಲೆ. ಜಂಗು ಇದ್ರೆ ಡೀಸೆಲ್ ಬಟ್ಟೆಯಲ್ಲಿ ಒರೆಸು, ಉಪ್ಪುಕಾಗದ ಹಾಕಿ ಉಜ್ಜಿ ನಂಬರೇ ಅಳಿಸಿಬಿಟ್ಟೀಯ.