ಪಕ್ಕದ ಮನೆಯ ಪಂಪಿನ ಗುಂಯ್ ಸದ್ದು, ರಾತ್ರಿ ನಿದ್ದೆಯೇ ಇಲ್ಲ. ಏನು ಮಾಡಬಹುದು?

ಬೆಳದಿಂಗಳು:
ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಅವರು ಈಚೆಗೆ ಹೊಸ ಪ್ರೆಶರ್ ಪಂಪ್ ಹಾಕಿಸಿದ್ದಾರೆ, ನಲ್ಲಿ ತಿರುಗಿಸಿದರೆ ತಾನಾಗಿಯೇ ಶುರುವಾಗುವಂಥದ್ದು. ಹಗಲು ಗೊತ್ತೇ ಆಗುವುದಿಲ್ಲ. ರಾತ್ರಿ ಮಾತ್ರ ಮಲಗುವ ಕೋಣೆಯಲ್ಲಿ ಗುಂಯ್ ಅಂತ ಕೇಳುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ, ಇನ್ನೇನು ಜೊಂಪು ಹತ್ತಿತು ಅನ್ನುವಾಗ ಮತ್ತೆ ಶುರು. ಎಲ್ಲರೂ ಮಲಗಿದ ಮೇಲೂ ಹೀಗೇ. ದಿಂಬಿಗೆ ಕಿವಿ ಆನಿಸಿದರೆ ಇನ್ನೂ ಜೋರು. ಮಂಚದ ತಲೆಹಲಗೆ ಮೇಲೆ ಕೈ ಇಟ್ಟರೆ ಸಣ್ಣಗೆ ಅದುರುವುದು ತಿಳಿಯುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ನೋಡಿದರೆ ಬರೀ 35 ಡೆಸಿಬೆಲ್. ಮನೆಯಲ್ಲಿ ಉಳಿದವರು "ಇದೇನು ದೊಡ್ಡ ಸದ್ದಾ, ಸುಮ್ನೆ ಮಲಗು" ಅನ್ನುತ್ತಾರೆ. ಆದರೆ ಅಮ್ಮನಿಗೂ ಎಚ್ಚರವಾಗುತ್ತಿದೆ, ಒಮ್ಮೆ ಎದ್ದರೆ ಅವರಿಗೆ ಮತ್ತೆ ನಿದ್ದೆ ಬರುವುದಿಲ್ಲ. ಗೋಡೆಗೆ ಫೋಮ್ ಅಂಟಿಸಿದರೆ ಆಗುತ್ತಾ? ಅಥವಾ ದೂರು ಕೊಡಬೇಕಾ? ಪಕ್ಕದವರು ಒಳ್ಳೆಯವರು, ಅವರ ಜೊತೆ ಮನಸ್ತಾಪ ಬೇಡ.

ಶ್ರುತಿಪೆಟ್ಟಿಗೆ:
ಫೋಮ್‌ಗೆ ದಯವಿಟ್ಟು ದುಡ್ಡು ಹಾಕಬೇಡಿ. ಅದು ಕೋಣೆಯೊಳಗಿನ ಪ್ರತಿಧ್ವನಿ ಕಡಿಮೆ ಮಾಡುತ್ತದೆ ಅಷ್ಟೇ, ಆಚೆಯಿಂದ ಬರುವ ಸದ್ದನ್ನು ತಡೆಯುವುದಿಲ್ಲ. ನಿಮ್ಮದು ಗಾಳಿಯಲ್ಲಿ ಬರುತ್ತಿರುವ ಸದ್ದೂ ಅಲ್ಲ. ತಲೆಹಲಗೆ ಅದುರುತ್ತಿದೆ ಅಂದಿರಲ್ಲ, ಅಲ್ಲೇ ಉತ್ತರ ಇದೆ. ಪಂಪಿನ ನಡುಕ ಗೋಡೆಗೆ ಇಳಿದು, ಗೋಡೆಯೇ ಸ್ಪೀಕರ್ ಆಗಿಬಿಟ್ಟಿದೆ.

ಇನ್ನು ಆ 35ರ ಮಾತು. ಈ ಆ್ಯಪ್‌ಗಳು ಸಾಮಾನ್ಯವಾಗಿ 'ಎ' ತೂಕದ ಅಳತೆ (dBA), ಅಂದರೆ ನಮ್ಮ ಕಿವಿಯ ಗ್ರಹಿಕೆಗೆ ಹೊಂದಿಸಿದ ಅಳತೆ ತೋರಿಸುತ್ತವೆ. ಅದರಲ್ಲಿ ತಗ್ಗು ಸ್ವರದ ಸದ್ದಿಗೆ ಲೆಕ್ಕವೇ ಕಡಿಮೆ. 100 ಹರ್ಟ್ಸ್‌ನ ಸದ್ದಾದರೆ ಸುಮಾರು 19 ಡೆಸಿಬೆಲ್, 50 ಹರ್ಟ್ಸ್ ಆದರೆ ಸುಮಾರು 30 ಡೆಸಿಬೆಲ್ ಕಳೆದು ತೋರಿಸುತ್ತದೆ. ಮೋಟರಿನ ಗುಂಯ್ ಇರುವುದೇ ಹೆಚ್ಚುಕಡಿಮೆ ಆ ಮಟ್ಟದಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಮಲಗುವ ಕೋಣೆಯಲ್ಲಿ ರಾತ್ರಿ ಸದ್ದು 30 ಡೆಸಿಬೆಲ್ ಮೀರಬಾರದು ಅಂದಿತ್ತು, ತಗ್ಗು ಸ್ವರ ಜಾಸ್ತಿ ಇದ್ದರೆ ಅದಕ್ಕಿಂತಲೂ ಕಡಿಮೆ ಇರಬೇಕು ಅಂತಲೂ ಹೇಳಿತ್ತು. ನಿಮಗಾಗುತ್ತಿರುವ ತೊಂದರೆ ನಿಜವಾದದ್ದು, ಮನೆಯವರಿಗೆ ಧೈರ್ಯವಾಗಿ ಹೇಳಿ.

ನಲ್ಲಿನೀರು:
ಪ್ಲಂಬಿಂಗ್ ಕೆಲಸದಲ್ಲಿ ಇರುವವನು ನಾನು. ಎಲ್ಲರೂ ಮಲಗಿದ ಮೇಲೂ ಪಂಪ್ ಆನ್ ಆಗುತ್ತಿದೆ ಅಂದರೆ ಅವರ ಮನೆಯಲ್ಲಿ ಎಲ್ಲೋ ನೀರು ಸೋರುತ್ತಿರಬೇಕು. ಪೈಪಿನಲ್ಲಿ ಒತ್ತಡ ಸ್ವಲ್ಪ ಇಳಿದರೂ ಈ ಪಂಪ್ ಶುರುವಾಗುತ್ತದೆ. ಜಾಸ್ತಿ ಸಲ ಕಳ್ಳ ಫ್ಲಶ್ ಟ್ಯಾಂಕೇ, ಒಳಗಿನ ರಬ್ಬರ್ ಸವೆದು ಸದ್ದಿಲ್ಲದೆ ಕಮೋಡಿಗೆ ಇಳಿಯುತ್ತಿರುತ್ತದೆ. ಟ್ಯಾಂಕಿಗೆ ಸ್ವಲ್ಪ ಬಣ್ಣ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಟ್ಟು ನೋಡಲಿ. ಕೆಳಗಿನ ನೀರಿಗೆ ಬಣ್ಣ ಬಂದರೆ ಸಿಕ್ಕಿಬಿತ್ತು. ಅದಲ್ಲದಿದ್ದರೆ ತೊಟ್ಟಿಕ್ಕುವ ನಲ್ಲಿ, ಇಲ್ಲವೇ ನೀರು ಹಿಂದೆ ಹೋಗದಂತೆ ತಡೆಯುವ ವಾಲ್ವ್ ಕೆಟ್ಟಿರಬಹುದು.

ಇದು ಅವರಿಗೂ ನಷ್ಟ. ನೀರೂ ಹೋಗುತ್ತದೆ, ಕರೆಂಟೂ ಹೋಗುತ್ತದೆ, ಪಂಪೂ ಬೇಗ ಕೈ ಕೊಡುತ್ತದೆ. ಹಾಗಾಗಿ "ನಿಮ್ಮ ಪಂಪಿನಿಂದ ನಮಗೆ ನಿದ್ದೆ ಇಲ್ಲ" ಅಂತ ಮಾತು ಶುರು ಮಾಡುವ ಬದಲು "ರಾತ್ರಿಯೆಲ್ಲ ನಿಮ್ಮ ಪಂಪ್ ಓಡ್ತಾ ಇದೆ, ಎಲ್ಲಾದರೂ ಸೋರ್ತಿದೆಯಾ ನೋಡಿ" ಅನ್ನಿ.

ಮೂರನೇಮಹಡಿ:
ಮೇಲಿನವರು ಹೇಳಿದ್ದು ಸರಿ, ಆದರೆ ನಿದ್ದೆಯ ವಿಷಯವನ್ನೂ ಮುಚ್ಚಿಡಬೇಡಿ. ಸೋರಿಕೆ ಸರಿಯಾದ ಮೇಲೂ ರಾತ್ರಿ ಯಾರೋ ಬಾತ್‌ರೂಮಿಗೆ ಹೋದರೆ ಪಂಪ್ ಓಡಿಯೇ ಓಡುತ್ತದೆ, ಆಗ ಎರಡನೇ ಸಲ ಹೇಳುವುದು ಕಷ್ಟ. ಹಗಲು ಹೊತ್ತು, ಸಿಟ್ಟಿಲ್ಲದಾಗ ಹೋಗಿ. ನಿಮ್ಮ ಕೋಣೆಗೆ ಒಮ್ಮೆ ಕರೆದು ಗೋಡೆ ಮುಟ್ಟಿಸಿ, ಅವರ ಮನೆಯವರೊಬ್ಬರು ಅಲ್ಲಿ ನಲ್ಲಿ ತಿರುಗಿಸಲಿ. ಅವರಿಗೆ ತಮ್ಮ ಕಡೆ ಏನೂ ಕೇಳಿಸದೆ ಇರಬಹುದು. ವಾಟ್ಸಾಪ್ ಗುಂಪಿನಲ್ಲಂತೂ ಹಾಕಲೇಬೇಡಿ, ನಾಲ್ಕು ಜನರ ಮುಂದೆ ಹೇಳಿಸಿಕೊಂಡವರು ಮೊದಲು ಎದುರು ವಾದಕ್ಕೆ ನಿಲ್ಲುತ್ತಾರೆ. ಜೊತೆಗೆ ಯಾವ ದಿನ ಎಷ್ಟು ಗಂಟೆಗೆ ಕೇಳಿಸಿತು ಅಂತ ಬರೆದಿಟ್ಟುಕೊಳ್ಳಿ. ಮುಂದೆ ದೂರು ಕೊಡಲೇಬೇಕಾದರೆ ಬಾಯಿಮಾತಿಗಿಂತ ಅದು ನಿಲ್ಲುತ್ತದೆ.

ಬೆಳದಿಂಗಳು:
ಎಲ್ಲರಿಗೂ ಥ್ಯಾಂಕ್ಸ್. ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆದೆವು, ದಿಂಬಿನಲ್ಲಿ ಬರುತ್ತಿದ್ದ ಸದ್ದು ಅಷ್ಟರಲ್ಲೇ ಇಳಿದಿದೆ. ಪಕ್ಕದವರ ಹತ್ತಿರ ಮಾತಾಡಿದೆ. ಬಣ್ಣ ಹಾಕಿ ನೋಡಿದರು, ಫ್ಲಶ್ ಟ್ಯಾಂಕೇ ಸೋರುತ್ತಿತ್ತು! ರಬ್ಬರ್ ಬದಲಾಯಿಸುತ್ತಾರೆ. ಆದರೆ ಪಂಪ್ ಕೂರಿಸಿರುವುದು ನಮ್ಮಿಬ್ಬರ ನಡುವಿನ ಗೋಡೆಗೇ, ಕಬ್ಬಿಣದ ಬ್ರಾಕೆಟ್ ಮೇಲೆ. ಅದರಡಿ ರಬ್ಬರ್ ಇಟ್ಟರೆ ಸಾಕಾ?

ನಲ್ಲಿನೀರು:
ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ಅಲ್ಲ. ಆ ಗೋಡೆಯಿಂದ ಬಿಚ್ಚಿ ನೆಲಕ್ಕೆ ಇಳಿಸಲಿ, ಕೆಳಗೆ ದಪ್ಪ ರಬ್ಬರ್ ಪ್ಯಾಡ್ ಇರಲಿ. ಪಂಪಿನಿಂದ ಹೊರಡುವ ಎರಡೂ ಕಡೆ ಗಟ್ಟಿ ಪೈಪಿನ ಬದಲು ಬಾಗುವ ಹೋಸ್ ತುಂಡು ಹಾಕಿಸಿ, ಇದನ್ನು ಬಿಟ್ಟರೆ ನಡುಕ ಪೈಪು ಹಿಡಿದು ಮತ್ತೆ ಅದೇ ಗೋಡೆಗೆ ಬರುತ್ತದೆ. ಗೋಡೆಗೆ ಪೈಪು ಹಿಡಿಸಿರುವ ಕ್ಲಾಂಪುಗಳ ಒಳಗೂ ರಬ್ಬರ್ ಪಟ್ಟಿ ಸುತ್ತಲಿ.