ಹಳೆಯ ಪಿಕಪ್‌ಗೆ ಮನೆಯಲ್ಲೇ ಸ್ವೇ ಬಾರ್: ಮೆಕ್ಯಾನಿಕ್‌ಗೆ ಕೇಳಿ

ಅಡ್ಮಿನ್: ಚಾಸಿ, ಸಸ್ಪೆನ್ಷನ್ ಕೆಲಸದಲ್ಲಿ ಪಳಗಿದ ಮೆಕ್ಯಾನಿಕ್ ಒಬ್ಬರು ಇಂದು ನಮ್ಮೊಂದಿಗಿದ್ದಾರೆ. ಹಳೆಯ ಪಿಕಪ್ ಟ್ರಕ್ಕಿನ ಮುಂಭಾಗಕ್ಕೆ ಸ್ವೇ ಬಾರ್ (ತಿರುವಿನಲ್ಲಿ ಗಾಡಿ ವಾಲುವುದನ್ನು ತಗ್ಗಿಸಲು ಎಡ, ಬಲ ಚಕ್ರಗಳ ಸಸ್ಪೆನ್ಷನ್ನನ್ನು ಜೋಡಿಸುವ ಉಕ್ಕಿನ ಸರಳು) ಕೂರಿಸುವ ಬಗ್ಗೆ ಕೇಳಿ. ಒಬ್ಬರಿಗೆ ಒಂದೇ ಪ್ರಶ್ನೆ.

ನೀಲಿ ಟ್ರಕ್: ನಮಸ್ಕಾರ ಸರ್. ನನ್ನದು 1967ರ ಶೆವರ್ಲೆ ಸಿ-10. ತಿರುವಿನಲ್ಲಿ ದೋಣಿಯಂತೆ ವಾಲುತ್ತದೆ. ಬಾರ್ ಹಾಕಿದರೆ ಗಾಡಿ ಎತ್ತಿನ ಬಂಡಿಯಷ್ಟು ಗಡುಸಾಗುತ್ತದೆ ಎನ್ನುತ್ತಾರೆ. ನಿಜವೇ?

ಮೆಕ್ಯಾನಿಕ್: ನಮಸ್ಕಾರ. ಅಷ್ಟೇನೂ ಇಲ್ಲ. ಎರಡೂ ಚಕ್ರಗಳು ಒಟ್ಟಿಗೆ ಉಬ್ಬು ಹತ್ತಿದರೆ ಬಾರ್ ತನ್ನನ್ನು ಹಿಡಿದಿರುವ ಬುಷ್ ಎಂಬ ಮೆತ್ತೆಗಳೊಳಗೆ ಸುಮ್ಮನೆ ತಿರುಗುತ್ತದೆ. ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಹೋದಾಗ ಮಾತ್ರ ತಿರುಚಿಕೊಂಡು ಎದುರು ಒತ್ತುತ್ತದೆ. ಒಂದೇ ಚಕ್ರ ಗುಂಡಿಗೆ ಇಳಿದಾಗ ಮೊದಲಿಗಿಂತ ಸ್ವಲ್ಪ ಹೆಚ್ಚು ಕುಲುಕುತ್ತದೆ, ಅಷ್ಟೇ.

ಹೊಸ ಸದಸ್ಯ: ಸರ್, 22 ಮಿ.ಮೀ. ಬಾರ್ ತರಲೇ, 28 ತರಲೇ? ದಪ್ಪಗಿದ್ದಷ್ಟೂ ಒಳ್ಳೆಯದಲ್ಲವೇ?

ಮೆಕ್ಯಾನಿಕ್: ಅಲ್ಲ. ಬಾರಿನ ಬಿಗಿ ವ್ಯಾಸದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. 22ರಿಂದ 28ಕ್ಕೆ ಹೋದರೆ ಕೈಗೆ ಸಿಗುವ ವ್ಯತ್ಯಾಸ ಬರೀ 6 ಮಿ.ಮೀ., ಬಿಗಿ ಮಾತ್ರ ಎರಡೂವರೆ ಪಟ್ಟು ದಾಟುತ್ತದೆ. ಮುಂಭಾಗ ಅತಿಯಾಗಿ ಬಿಗಿದರೆ ನೀವು ಸ್ಟಿಯರಿಂಗ್ ತಿರುಗಿಸಿದರೂ ಮೂತಿ ನೇರಕ್ಕೇ ಜಾರುತ್ತದೆ. ನಿಮ್ಮ ಮಾದರಿಗೆಂದೇ ತಯಾರಾದ ಬಾರ್ ತನ್ನಿ.

ಕೆಂಪು ಎಫ್-100: ನನ್ನದು 1966ರ ಫೋರ್ಡ್. ಮುಂದಿನ ಟೈರುಗಳ ಒಳ ಅಂಚು ಮಾತ್ರ ಸವೆಯುತ್ತಿದೆ. ಬಾರ್ ಹಾಕಿದರೆ ನಿಲ್ಲುತ್ತದೆಯೇ?

ಮೆಕ್ಯಾನಿಕ್: ನಿಲ್ಲುವುದಿಲ್ಲ. 1965ರಿಂದ ಆ ಗಾಡಿಗೆ ಮುಂದೆ ಎರಡು ಐ-ಬೀಮ್‌ಗಳು (ಉಕ್ಕಿನ ತೊಲೆಯಂಥ ಆಕ್ಸಲ್‌ಗಳು) ಬಂದವು, ಚಕ್ರಕ್ಕೊಂದರಂತೆ. ಸ್ಪ್ರಿಂಗ್ ಕುಸಿದರೆ ಟೈರಿನ ತಲೆ ಒಳಕ್ಕೆ ವಾಲುತ್ತದೆ, ಒಳ ಅಂಚು ಸವೆಯುತ್ತದೆ. ಸ್ಪ್ರಿಂಗ್ ಎತ್ತರ ಅಳೆಯಿರಿ, ಚಕ್ರ ಎಡಕ್ಕೂ ಬಲಕ್ಕೂ ಹೊರಳುವ ಕೀಲಾದ ಕಿಂಗ್ ಪಿನ್ ಅಲುಗಾಡುತ್ತದೆಯೇ ನೋಡಿ. ಸ್ವೇ ಬಾರ್ ಗಾಡಿಯನ್ನು ಎತ್ತಿ ಹಿಡಿಯುವುದಿಲ್ಲ.

ರಾತ್ರಿ ಪಾಳಿ: ಸರ್, ಎಷ್ಟು ದಪ್ಪದ ಬಾರ್ ಹಾಕಬೇಕು?

ಮೆಕ್ಯಾನಿಕ್: ಮೇಲೆ ಬರೆದಿದ್ದೇನೆ.

ಹಸಿರು ಪಿಕಪ್: ಸರ್, ಕಳೆದ ವಾರ ನಾನೇ ಬಾರ್ ಕೂರಿಸಿದೆ. ವಾಲುವುದು ಕಡಿಮೆಯಾಗಿದೆ, ಖುಷಿಯಾಗಿದೆ. ಆದರೆ ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದರೆ ಎಡಗಡೆ ‘ಟಿಕ್’ ಎನ್ನುತ್ತದೆ. ಯಾವ ಗ್ರೀಸ್ ಹಚ್ಚಲಿ? ಅಂದ ಹಾಗೆ, ಸ್ಟಿಯರಿಂಗ್ ಬಾಕ್ಸ್ ಬೋಲ್ಟಿನ ಪಕ್ಕ ಚಾಸಿಯ ಮೇಲೆ ತುಕ್ಕಿನ ಸಣ್ಣ ಗೆರೆ ಇತ್ತು. ಉಜ್ಜಿ ಬಣ್ಣ ಹೊಡೆದರೂ ಮತ್ತೆ ಮೂಡಿತು. ಗುಂಪಿಗೆ ಬಂದ ಫಾರ್ವರ್ಡ್ ನೋಡಿ ಎಪಾಕ್ಸಿ ಪುಟ್ಟಿ ತುಂಬಿದ್ದೇನೆ.

ಮೆಕ್ಯಾನಿಕ್: ಗ್ರೀಸ್ ಮಾತು ಆಮೇಲೆ. ನೀವು ‘ಅಂದ ಹಾಗೆ’ ಎಂದು ಬರೆದದ್ದೇ ನನಗೆ ಮುಖ್ಯ. ಬಣ್ಣ ಹೊಡೆದರೂ ಅದೇ ಜಾಗದಲ್ಲಿ, ಅದೇ ಗೆರೆಯಾಗಿ ಮರಳುವ ತುಕ್ಕು ಬಹುಮಟ್ಟಿಗೆ ಬಿರುಕಿನದೇ. ಲೋಹ ಬಾಯಿ ತೆರೆದು ಮುಚ್ಚುತ್ತಿರುತ್ತದೆ, ಒಳಗೆ ನೀರು ಹೋಗಿ ತುಕ್ಕು ಹೊರಗೆ ಒಸರುತ್ತದೆ. ಹಳೆಯ ಪಿಕಪ್‌ಗಳಲ್ಲಿ ಸ್ಟಿಯರಿಂಗ್ ಬಾಕ್ಸ್ ಕೂರುವ ಜಾಗ ಒಡೆಯುವುದನ್ನು ಹಲವು ಸಲ ಕಂಡಿದ್ದೇನೆ. ಅಗಲ ಟೈರು, ಪವರ್ ಸ್ಟಿಯರಿಂಗ್ ಸೇರಿದರೆ ಎಳೆತ ಇನ್ನೂ ಹೆಚ್ಚು. ಈಗ ಬಾರಿನ ಬ್ರಾಕೆಟ್ ಕೂಡ ಅಲ್ಲೇ ಹತ್ತಿರದಲ್ಲಿ ಚಾಸಿಯನ್ನು ಜಗ್ಗುತ್ತಿದೆ.

ಹೀಗೆ ಮಾಡಿ. ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸಿ, ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರಗಳಿಗೆ ಮುಂದೂ ಹಿಂದೂ ಅಡ್ಡೆ ಕೊಡಿ. ಪುಟ್ಟಿಯನ್ನು ಪೂರ್ತಿ ಕೆರೆದು, ಹೊಳೆಯುವ ಲೋಹ ಕಾಣುವಂತೆ ವೈರ್ ಬ್ರಷ್ ಹಾಕಿ. ಮನೆಯವರೊಬ್ಬರು ಎಂಜಿನ್ ಚಾಲೂ ಮಾಡಿ ಸ್ಟಿಯರಿಂಗನ್ನು ಅರ್ಧ ಗೇಣು ಆ ಕಡೆ, ಅರ್ಧ ಗೇಣು ಈ ಕಡೆ ಆಡಿಸಲಿ. ನೀವು ಚಕ್ರದ ಮೇಲಿನ ಸಂದಿನಿಂದ ಟಾರ್ಚ್ ಬಿಟ್ಟು ನೋಡಿ. ಗಾಡಿಯ ಅಡಿಗೆ ಹೋಗಬೇಡಿ, ಕೈ ತೂರಿಸಬೇಡಿ. ಗೆರೆ ಉಸಿರಾಡಿದಂತೆ ಕಂಡರೆ ಅಲ್ಲಿಗೆ ಮುಗಿಯಿತು. ಏನು ಕಂಡಿತೆಂದು ಇಲ್ಲೇ ಬರೆಯಿರಿ. ಅಲ್ಲಿಯವರೆಗೆ ಗಾಡಿ ರಸ್ತೆಗೆ ಇಳಿಯಬಾರದು.

ಹಳೆಯ ಹುಲಿ: ಬುಷ್ ಕಿರುಗುಟ್ಟುವವರಿಗೆ ಒಂದು ಫಾರ್ವರ್ಡ್: ‘ಸುಟ್ಟ ಎಂಜಿನ್ ಆಯಿಲ್‌ಗೆ ಡೀಸೆಲ್ ಬೆರೆಸಿ ರಬ್ಬರ್ ಬುಷ್‌ಗೆ ಬಿಡಿ. ಬಾರ್ ಹೊಂದದಿದ್ದರೆ ಗ್ಯಾಸ್ ಕಟರ್‌ನಿಂದ ಕೆಂಪಗೆ ಕಾಯಿಸಿ ಬಗ್ಗಿಸಿ.’ ತುಂಬ ಉಪಯುಕ್ತ.

ಮೆಕ್ಯಾನಿಕ್: ದಯವಿಟ್ಟು ಅಳಿಸಿ. ಎಣ್ಣೆ ಕುಡಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಬಾರ್ ಸ್ಪ್ರಿಂಗ್ ಉಕ್ಕು, ಕೆಂಪಗೆ ಕಾಯಿಸಿದರೆ ಹದ ಹೋಯಿತು. ಹೊಂದದ ಬಾರ್ ಬೇರೆ ಮಾದರಿಯದು, ವಾಪಸು ಕೊಡಿ.

ಹಳೆಯ ಹುಲಿ: ನನ್ನ ಮಾವನವರು ಮೂವತ್ತು ವರ್ಷ ಡೀಸೆಲ್ ಬಿಟ್ಟೇ ಓಡಿಸಿದರು.

ನೀಲಿ ಟ್ರಕ್: ಎಷ್ಟು ಸಲ ಬುಷ್ ಬದಲಿಸಿದರೆಂದು ಕೇಳಿದಿರಾ? ಪಾಲಿಯುರೆಥೇನ್ ಹಾಕಿದರೆ ಈ ರಗಳೆಯೇ ಇಲ್ಲ.

ಹಳೆಯ ಹುಲಿ: ಹಳೆಯ ಗಾಡಿಗೆ ಪ್ಲಾಸ್ಟಿಕ್ ತುರುಕುವವರೆಲ್ಲ ಈಗ ಪಂಡಿತರು. ಕಾರ್ಖಾನೆಯಿಂದ ಹೇಗೆ ಬಂತೋ ಹಾಗೇ ಇಡುವುದಕ್ಕೂ ಯೋಗ್ಯತೆ ಬೇಕು.

ನೀಲಿ ಟ್ರಕ್: ಹಾಗಾದರೆ ಟೈರನ್ನೂ 1967ರದ್ದೇ ಇಟ್ಟುಕೊಳ್ಳಿ ಸ್ವಾಮಿ.

ಕೆಂಪು ಎಫ್-100: ಇಬ್ಬರೂ ಬೇರೆ ಕಡೆ ಜಗಳವಾಡಿ. ಸರ್, ಹಿಂಭಾಗಕ್ಕೂ ಬಾರ್ ಬೇಕೇ?

ಅಡ್ಮಿನ್: ಸಭ್ಯತೆ ಇರಲಿ. ಒಬ್ಬರಿಗೆ ಒಂದೇ ಪ್ರಶ್ನೆ ಎಂದಿದ್ದೆ.

ಮೆಕ್ಯಾನಿಕ್: ಪಾಲಿ ಬುಷ್‌ಗೆ ಸಿಲಿಕೋನ್ ಗ್ರೀಸ್, ಜೋಡಿಸುವ ಮೊದಲೇ. ರಬ್ಬರ್ ಆದರೆ ಮೆತ್ತನೆಯ ಓಟ, ಪಾಲಿ ಆದರೆ ಚುರುಕು. ಎರಡೂ ನಡೆಯುತ್ತವೆ.

ಅಂಗಳದ ಗ್ಯಾರೇಜ್: ಒಂದು ಚಕ್ರ ಮಾತ್ರ ಜಾಕ್ ಕೊಟ್ಟು ಎತ್ತಿ, ಕೆಳಗೆ ಸಿಮೆಂಟ್ ಇಟ್ಟಿಗೆ ಇಟ್ಟು, ಬಾರಿನ ತುದಿಯನ್ನು ಸಸ್ಪೆನ್ಷನ್‌ಗೆ ಸೇರಿಸುವ ಲಿಂಕ್ ಹಾಕುತ್ತಿದ್ದೇನೆ. ರಂಧ್ರ ಸೇರುತ್ತಲೇ ಇಲ್ಲ.

ಮೆಕ್ಯಾನಿಕ್: ಮೊದಲು ಅಡಿಯಿಂದ ಹೊರಗೆ ಬನ್ನಿ. ಸಿಮೆಂಟ್ ಇಟ್ಟಿಗೆ ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ಚಾಸಿಗೆ ಎರಡೂ ಕಡೆ ಜಾಕ್ ಸ್ಟ್ಯಾಂಡ್ ಕೊಡಿ. ಒಂದು ಚಕ್ರ ತೂಗಿ, ಇನ್ನೊಂದು ನೆಲದಲ್ಲಿದ್ದರೆ ಬಾರಿನ ತುದಿಗಳು ಒಂದೇ ಮಟ್ಟಕ್ಕೆ ಬರುವುದಿಲ್ಲ, ರಂಧ್ರ ಹೇಗೆ ಸೇರುತ್ತದೆ? ಬಲವಂತದಿಂದ ಸೇರಿಸಿದರೆ ಬಿಚ್ಚುವಾಗ ಅದು ಹಾರಿ ಹೊಡೆಯುತ್ತದೆ. ಎರಡನ್ನೂ ಸಮವಾಗಿ ಎತ್ತಿ, ನಟ್‌ಗಳನ್ನು ಕೈಯಲ್ಲಿ ಹಿಡಿಸಿ, ಗಾಡಿಯನ್ನು ನೆಲಕ್ಕೆ ಇಳಿಸಿದ ಮೇಲೆ ಕೊನೆಯ ಬಿಗಿ ಕೊಡಿ. ಲಿಂಕ್ ಬುಷ್ ತುಸು ಉಬ್ಬಿದರೆ ಸಾಕು, ರೊಟ್ಟಿಯಂತೆ ಚಪ್ಪಟೆಯಾಗಬಾರದು. ಆಮೇಲೆ ಸ್ಟಿಯರಿಂಗನ್ನು ಎರಡೂ ಕೊನೆಗಳವರೆಗೆ ತಿರುಗಿಸಿ, ಬ್ರೇಕ್ ಹೋಸ್‌ಗೆ ಬಾರ್ ಎಲ್ಲಿಯೂ ತಾಗುವುದಿಲ್ಲವೆಂದು ನೋಡಿ.

ಹೊಸ ಸದಸ್ಯ: ಬ್ರಾಕೆಟ್‌ಗೆ ಚಾಸಿಯ ಕೆಳ ಅಂಚಿನಲ್ಲಿ ರಂಧ್ರ ಕೊರೆಯಬಹುದೇ?

ಮೆಕ್ಯಾನಿಕ್: ಇರುವ ರಂಧ್ರಗಳನ್ನೇ ಬಳಸಿ. ಚಾಸಿ ಬಾಗುವಾಗ ಹೆಚ್ಚು ಭಾರ ಹೊರುವುದು ಮೇಲಿನ, ಕೆಳಗಿನ ಅಂಚುಗಳೇ.

ರಾತ್ರಿ ಪಾಳಿ: ಮೇಲೆ ಹುಡುಕಲು ಸಮಯವಿಲ್ಲ ಸರ್, ದಪ್ಪ ಎಷ್ಟೆಂದು ಒಂದೇ ಸಾಲಿನಲ್ಲಿ ಹೇಳಿ.

ಮೆಕ್ಯಾನಿಕ್: ನನಗೂ ಸಮಯವಿಲ್ಲ.

ಹಳೆಯ ಹುಲಿ: ಉತ್ತರಿಸುವ ಮನಸ್ಸಿಲ್ಲದಿದ್ದರೆ ಬರುವುದೇಕೆ?

ಹಸಿರು ಪಿಕಪ್: ಸರ್, ಪುಟ್ಟಿ ಕೆರೆದೆ. ತಮ್ಮ ಸ್ಟಿಯರಿಂಗ್ ಆಡಿಸಿದ. ಬೋಲ್ಟಿನಿಂದ ಹೊರಟ ಗೆರೆ ಎಡಕ್ಕೆ ತಿರುಗಿಸಿದಾಗ ತೆರೆದುಕೊಳ್ಳುತ್ತದೆ, ಬಿಟ್ಟಾಗ ಮುಚ್ಚುತ್ತದೆ. ‘ಟಿಕ್’ ಬರುವುದೂ ಅಲ್ಲಿಂದಲೇ. ಕೆಳ ಅಂಚಿಗೆ ಹೊರಳಿ ಎರಡು ಬೆರಳು ಅಗಲ ಹೋಗಿದೆ.

ಮೆಕ್ಯಾನಿಕ್: ಕೆಳ ಅಂಚಿಗೆ ಹೋಗಿದ್ದರೆ ಗಾಡಿಯನ್ನು ಹೊತ್ತೊಯ್ಯಬೇಕು, ಓಡಿಸಿಕೊಂಡು ಹೋಗುವ ಮಾತಿಲ್ಲ. ಚಾಸಿ ಕೆಲಸ ಗೊತ್ತಿರುವ ವೆಲ್ಡರ್‌ಗೇ ಒಪ್ಪಿಸಿ. ಅವರು ಸ್ಟಿಯರಿಂಗ್ ಬಾಕ್ಸ್ ಇಳಿಸಿ, ಬಿರುಕಿನ ತುದಿ ಹುಡುಕಿ ಅಲ್ಲೊಂದು ಸಣ್ಣ ರಂಧ್ರ ಕೊರೆದು ಮುಂದೆ ಹರಿಯದಂತೆ ತಡೆಯಬೇಕು. ಗೆರೆಯುದ್ದಕ್ಕೂ ‘ವಿ’ ಆಕಾರದಲ್ಲಿ ಅರೆದು ಬೆಸೆಯಬೇಕು, ಮೇಲೆ ಬಲಪಟ್ಟಿ ಕೊಡಬೇಕು. ಪಟ್ಟಿಯ ತುದಿಗಳು ಓರೆಯಾಗಿರಲಿ. ನೇರ ಕತ್ತರಿಸಿದರೆ ಆ ಅಂಚಿನಲ್ಲೇ ಮುಂದಿನ ಬಿರುಕು ಹುಟ್ಟುತ್ತದೆ. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿಯ ತಂತಿ ಕಳಚಿ. ಬಾರ್ ಈಗಲೇ ಬಿಚ್ಚಿ ಗೋಡೆಗೆ ಒರಗಿಸಿಡಿ, ಕೀಯನ್ನು ತಮ್ಮನ ಕೈಗೂ ಕೊಡಬೇಡಿ. ಬೆಸೆದ ಜಾಗಕ್ಕೆ ಬಣ್ಣ ಹೊಡೆಯುವ ಮೊದಲು ಫೋಟೊ ಕಳುಹಿಸಿ, ನೋಡುತ್ತೇನೆ.

ಉಳಿದವರಿಗೆ ಇಂದು ಇಷ್ಟೇ.