ಹಳೇ ಸಿಡಿ ಪ್ಲೇಯರ್: ರಿಪೇರಿಯೋ, ಹೊಸದೋ?

ತಿರುಗುತಟ್ಟೆ:
20 ವರ್ಷ ದಾಟಿದ ಸಿಡಿ ಪ್ಲೇಯರ್. ಗುಂಡಿ ಎರಡು ಮೂರು ಸಲ ಒತ್ತಿದರೇನೇ ಟ್ರೇ ಹೊರಗೆ ಬರೋದು. ಕೊಂಡ ಸಿಡಿಗಳಲ್ಲಿ ಕೊನೆಯ ಹಾಡುಗಳು ಎಗರುತ್ತವೆ. ಬರ್ನ್ ಮಾಡಿದ ಸಿಡಿ ಹಾಕಿದರೆ 'ನೋ ಡಿಸ್ಕ್'. ಆಂಪ್ಲಿಫೈಯರ್, ಸ್ಪೀಕರ್ ಗಟ್ಟಿಯಾಗಿವೆ. ಹೊಸ ಪ್ಲೇಯರ್ ತಗೊಂಡರೆ ಧ್ವನಿಯೂ ಸುಧಾರಿಸುತ್ತಾ?

ಬೆಸುಗೆ:
ಮೂರೂ ಬೇರೆ ಬೇರೆ ರೋಗ. ಟ್ರೇ ತೊಂದರೆ ರಬ್ಬರ್ ಬೆಲ್ಟಿನದು: ಹಿಗ್ಗಿ ಜಾರುತ್ತಿದೆ. ಹೊಸದು ಹಾಕುವ ಮುಂಚೆ ಪುಲ್ಲಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಇಲ್ಲವಾದರೆ ಅದೂ ಜಾರುತ್ತೆ. ಹಳೇ ಬೆಲ್ಟಿನ ಅಳತೆಯನ್ನೇ ತರಬೇಡಿ, ಕೂದಲೆಳೆಯಷ್ಟು ಚಿಕ್ಕದಿರಲಿ.

ಸಿಡಿಯನ್ನು ಓದುವುದು ಒಳಗಿನಿಂದ ಹೊರಕ್ಕೆ. ಕೊನೆಯ ಹಾಡು ಎಗರಿದರೆ ಲೇಸರ್ ಸರಿಯುವ ಕಂಬಿಯ ಮೇಲೆ ಗ್ರೀಸ್ ಒಣಗಿರುವ ಸಾಧ್ಯತೆಯೇ ಹೆಚ್ಚು. ಪೂರ್ತಿ ಒರೆಸಿ ತೆಗೆದು, ಸಾಸಿವೆ ಕಾಳಿನಷ್ಟು ಹೊಸ ಗ್ರೀಸ್ ಸವರಿ. ಮೊದಲ ಹಾಡುಗಳೇ ಎಗರುತ್ತಿದ್ದರೆ ತಿರುಗಿಸುವ ಮೋಟಾರನ್ನು ಅನುಮಾನಿಸುತ್ತಿದ್ದೆ. ಒಳಸುತ್ತಿನಲ್ಲಿ ಅದು ನಿಮಿಷಕ್ಕೆ ಸುಮಾರು 500 ಸುತ್ತು ಓಡಬೇಕು, ಅಂಚಿನಲ್ಲಿ 200 ಸಾಕು.

ಬರ್ನ್ ಮಾಡಿದ ಸಿಡಿ ಬೆಳಕನ್ನು ಕಡಿಮೆ ಹಿಂತಿರುಗಿಸುತ್ತೆ. ಲೆನ್ಸ್ ಮಸುಕಾದರೂ ಲೇಸರ್ ಸೊರಗಿದರೂ ಮೊದಲು ಕೈಕೊಡುವುದು ಅದೇ. ಹತ್ತಿಕಡ್ಡಿಗೆ ಒಂದೇ ಹನಿ ಆಲ್ಕೋಹಾಲ್ ಹಾಕಿ ಲೆನ್ಸ್ ಒರೆಸಿ ನೋಡಿ. ಒತ್ತಬೇಡಿ, ಅದು ಎಳೆಯಂಥ ತಂತಿಗಳ ಮೇಲೆ ತೂಗಾಡುತ್ತಿರುತ್ತೆ.

ಎರಡು_ಚಾನೆಲ್:
ಒರೆಸಿದರೂ ಓದದಿದ್ದರೆ ಪಿಕಪ್ (ಲೇಸರ್, ಲೆನ್ಸ್ ಇರುವ ಭಾಗ) ಮೇಲಿರುವ ನಂಬರ್ ನೋಡಿ. ಸೋನಿಯ ಕೆಎಸ್ಎಸ್-213, 240 ಸರಣಿಯವಾದರೆ ಬದಲಿ ಭಾಗ ಇನ್ನೂ ಸಿಗುತ್ತೆ (ನಕಲಿಯೂ ಸಾಕಷ್ಟಿದೆ). ಹೊಸ ಪಿಕಪ್‌ನಲ್ಲಿ ಸ್ಥಿರವಿದ್ಯುತ್ತಿನಿಂದ ಕಾಪಾಡಲು ಒಂದು ಬೆಸುಗೆ ಚುಕ್ಕೆ ಇಟ್ಟಿರುತ್ತಾರೆ. ರಿಬ್ಬನ್ ಕೇಬಲ್ ಸಿಕ್ಕಿಸಿದ ಮೇಲೆ ಅದನ್ನು ತೆಗೆಯಬೇಕು. ಮರೆತರೆ ಲೇಸರ್ ಹೊತ್ತುವುದೇ ಇಲ್ಲ, ಬೈಗುಳ ಮಾತ್ರ ಅಂಗಡಿಯವನಿಗೆ. ಪಿಕಪ್ ಪಕ್ಕದ ಪುಟ್ಟ ಸ್ಕ್ರೂ ತಿರುಗಿಸಿ ಲೇಸರ್ ಕರೆಂಟ್ ಏರಿಸುವ ಸಲಹೆಗೆ ಕಿವಿಗೊಡಬೇಡಿ. ನಾಲ್ಕು ದಿನ ಹಾಡಿ ಸುಟ್ಟುಹೋಗುತ್ತೆ. ಉರಿಯುವ ಲೇಸರನ್ನು ನೇರ ನೋಡಲೂಬೇಡಿ, 780 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲವೆನ್ನಬಹುದು.

ಧ್ವನಿ? ಸಿಡಿಯಲ್ಲಿರುವುದು 16 ಬಿಟ್, 44.1 ಕಿಲೋಹರ್ಟ್ಸ್, ಅಷ್ಟೇ. ಕೆಟ್ಟಿಲ್ಲದ ಹಳೇ ಪ್ಲೇಯರ್ ಅದನ್ನು ಚೆನ್ನಾಗಿಯೇ ಕೊಡುತ್ತೆ. ಹೊಸದು 'ಜೀವಂತ' ಅನ್ನಿಸಿದರೆ ಮೊದಲು ಎರಡರ ವಾಲ್ಯೂಮ್ ಸಮ ಮಾಡಿ ಕೇಳಿ. ತುಸು ಜೋರಾದದ್ದು ಯಾವಾಗಲೂ ಚೆನ್ನಾಗಿ ಕೇಳಿಸುತ್ತೆ.

ತಿರುಗುತಟ್ಟೆ:
ಪ್ಲೇಯರ್ ಹಿಂಬದಿ ಆಪ್ಟಿಕಲ್ ಔಟ್ (ಡಿಜಿಟಲ್ ದತ್ತಾಂಶವನ್ನು ಬೆಳಕಾಗಿ ಹೊರಗೆ ಕೊಡುವ ಕಿಂಡಿ) ಇದೆ. ಡ್ಯಾಕ್ (ಆ ದತ್ತಾಂಶವನ್ನು ಧ್ವನಿ ಸಂಕೇತವಾಗಿಸುವ ಪೆಟ್ಟಿಗೆ) ಹಾಕಿದರೆ?

ಬೆಸುಗೆ:
ಎಗರುವುದು ನಿಲ್ಲಲ್ಲ. ಡ್ಯಾಕಿಗೆ ಹೋಗುವ ಹೊತ್ತಿಗೇ ದತ್ತಾಂಶ ತಪ್ಪಿರುತ್ತೆ. ಪಿಕಪ್ ಎಲ್ಲೂ ಸಿಗದಿದ್ದಾಗ ಮಾತ್ರ ಬೇರೆ ದಾರಿ: ಕೋಆಕ್ಸಿಯಲ್ ಅಥವಾ ಆಪ್ಟಿಕಲ್ ಔಟ್ ಇರುವ ಡಿವಿಡಿ ಪ್ಲೇಯರ್ ಜೊತೆ ಡ್ಯಾಕ್. ಕೊಳ್ಳುವ ಮುಂಚೆ ಹಿಂಬದಿ ನೋಡಿ, ಕೆಲವಕ್ಕೆ ಎಚ್‌ಡಿಎಂಐ ಬಿಟ್ಟರೆ ಬೇರೇನೂ ಇರಲ್ಲ.